ಪುಣೆಯ ಮೇಲ್ಮಹಡಿ ಮನೆಗೆ ಬಿಸಿ-ತಂಪು ಎರಡೂ ಕೊಡುವ ಸ್ಪ್ಲಿಟ್ ಏಸಿ ಹೊಂದುತ್ತದೆಯೇ?

ಸಹಕಾರನಗರ ಮೇಲ್ಮನೆ:

ನಮಸ್ಕಾರ. ನಮ್ಮದು ಪುಣೆಯ ಸಹಕಾರನಗರದಲ್ಲಿ ಮೂರನೆಯ, ಅಂದರೆ ಕೊನೆಯ ಮಹಡಿಯ ಮನೆ. ಮೇಲೆ ಬರೀ ತಾರಸಿ. 1987ರ ಕಟ್ಟಡ. ನಮ್ಮ ಮಲಗುವ ಕೋಣೆ ಪಶ್ಚಿಮಕ್ಕಿದೆ, 12 ಅಡಿಗೆ 14. ಅತ್ತೆಯ ಕೋಣೆ 10ಕ್ಕೆ 11, ಕಿಟಕಿ ಉತ್ತರಕ್ಕೆ. ಮೇ ತಿಂಗಳಲ್ಲಿ ರಾತ್ರಿ ಹತ್ತಾದರೂ ಸ್ಲ್ಯಾಬಿನಿಂದ ಝಳ ಇಳಿಯುತ್ತಲೇ ಇರುತ್ತದೆ.

ಆದರೆ ನನ್ನನ್ನು ಕಾಡುತ್ತಿರುವುದು ಬೇಸಿಗೆಯಲ್ಲ. ಅತ್ತೆಗೆ 79. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಮೊಣಕಾಲು ಸೆಟೆದು ಎದ್ದು ಕೂತುಬಿಡುತ್ತಾರೆ. ಹೋದ ಚಳಿಗಾಲ 2000 ವಾಟಿನ ಕಾಯಿಲ್ ಹೀಟರ್ ಇಟ್ಟಿದ್ದೆವು. ಒಂದು ರಾತ್ರಿ ಅವರ ಶಾಲಿನ ಸೆರಗು ಹೀಟರಿನ ಜಾಲಿಗೆ ತಾಗಿ ಕಮರಿತು. ವಾಸನೆಗೆ ನನಗೆ ಎಚ್ಚರವಾಯಿತು, ಅವರಿಗೆ ಆಗಿರಲಿಲ್ಲ. ಮರುದಿನವೇ ಹೀಟರ್ ಅಟ್ಟಕ್ಕೆ ಹೋಯಿತು.

ನನ್ನ ನಾದಿನಿ ಬಾಸ್ಟನ್ನಿನಲ್ಲಿದ್ದಾಳೆ. ಅವರ ಹಳೆಯ ಮನೆಯಲ್ಲಿ ಬಿಸಿ-ತಂಪು ಗಾಳಿ ಹಾಯಿಸುವ ಕೊಳವೆ, ಅಂದರೆ ಡಕ್ಟ್ ಇಲ್ಲ. ಹಾಯಿಸಬೇಕೆಂದರೆ ಗೋಡೆ, ಸೀಲಿಂಗ್ ಎಲ್ಲ ಒಡೆಯಬೇಕು. ಅದಕ್ಕೇ ಗೋಡೆಗೆ ತೂಗುಹಾಕುವ ಮಿನಿ ಸ್ಪ್ಲಿಟ್ ಹಾಕಿಸಿ, ಚಳಿಗಾಲಕ್ಕೂ ಅದನ್ನೇ ಬಳಸುತ್ತಾರಂತೆ. ಇಲ್ಲಿ ಅಂಗಡಿಯಲ್ಲಿ ಕೇಳಿದೆ. ಹಾಲ್ ಸೇರಿ ಮೂರು ಕೋಣೆಗೂ ಒಂದೇ ಔಟ್‌ಡೋರ್ (ಕಂಪ್ರೆಸರ್ ಇರುವ ಹೊರಗಿನ ಪೆಟ್ಟಿಗೆ) ಹಾಕಿಸಿ, ಅದನ್ನು ಡ್ರೈ ಬಾಲ್ಕನಿಯಲ್ಲಿ, ಅಂದರೆ ಒಗೆಯಲು-ತೊಳೆಯಲು ಇರುವ ಬಾಲ್ಕನಿಯಲ್ಲಿ, ಇಟ್ಟರೆ ಮಳೆಗೆ ನೆನೆಯಲ್ಲ ಅಂದರು. ಬಿಡಿಯಾಗಿ ಕೊಂಡರೆ ಹಾಟ್ ಅಂಡ್ ಕೋಲ್ಡ್ ಮಾಡೆಲಿಗೆ ಬರೀ ತಂಪಿನದಕ್ಕಿಂತ 8 ಸಾವಿರ ಹೆಚ್ಚು. ನಮ್ಮ ಒಂದೂವರೆ ತಿಂಗಳ ಚಳಿಗೆ ಅಷ್ಟು ಕೊಡಬಹುದೇ? ಬಳಸಿದವರು, ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ.

ಪಾಷಾಣ್ ವಾಸಿ:

ನನ್ನ ಪ್ರಕಾರ ಬೇಡ. ಇಲ್ಲಿನ ಸಿಮ್ಲಾ ಆಫೀಸಿನ, ಅಂದರೆ ಹವಾಮಾನ ಕಚೇರಿಯ ಉಷ್ಣಾಂಶ ನಾನು ದಿನಾ ಬರೆದಿಡುತ್ತೇನೆ. (ಹವಾಮಾನ ಇಲಾಖೆ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು, ಚೌಕಕ್ಕೂ ಅದೇ ಹೆಸರು ಉಳಿಯಿತು.) ಒಂದಂಕಿಗೆ ಇಳಿಯುವ ರಾತ್ರಿಗಳು ಪುಣೆಯಲ್ಲಿ ಕೆಲವೇ. ಬಿಸಿಲೇರಿದ ಮೇಲೆ ಸ್ವೆಟರ್ ತೆಗೆಯಲೇಬೇಕು. ಉತ್ತರದ ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಹಚ್ಚಿ, ದಪ್ಪ ಪರದೆ ಹಾಕಿ, ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಡಿ.

ಇಂಡಿ ಫಿಟ್ಟರ್:

ಅಕ್ಕಾರ, ನಮಸ್ಕಾರ್ರಿ. ನಮ್ಮೂರು ಇಂಡಿ ಕಡೆ. ಪುಣೇದಾಗ ಏಸಿ ಫಿಟ್ಟಿಂಗ್ ಮಾಡಾಕತ್ತಿ 22 ವರ್ಷ ಆತು. ಮೊದಲ ಡ್ರೈ ಬಾಲ್ಕನಿ ವಿಚಾರ. ಅಲ್ಲಿ ಮಾತ್ರ ಇಡಬ್ಯಾಡ್ರಿ. ಮೂರು ಕಡೆ ಗೋಡಿ, ಎದುರಿಗೆ ಗ್ಲಾಸಿನ ಸ್ಲೈಡಿಂಗ್ ಇದ್ರ ಔಟ್‌ಡೋರ್ ತಾ ಬಿಟ್ಟ ಬಿಸಿಗಾಳಿನ ತಾನ ತಿರುಗಿ ಎಳ್ಕೋತೈತಿ. ಮೇದಾಗ ಕಂಪ್ರೆಸರ್ ಟ್ರಿಪ್ ಆಗಿ ನಿಂತ ಬಿಡತೈತಿ. ಔಟ್‌ಡೋರ್ ಮಳ್ಯಾಗ ನಿಲ್ಲಾಕ ಮಾಡಿದ್ದ ಐತ್ರಿ, ನೆನೆದ್ರ ಏನೂ ಆಗೂದಿಲ್ಲ. ಗಾಳಿ ಆಡಬೇಕು, ಅಷ್ಟ.

ಇನ್ನ ಥಂಡಿ. ಹಾಟ್ ಅಂಡ್ ಕೋಲ್ಡ್ ಅಂದ್ರ ಒಳಗ ಕಾಯಿಲ್ ಇರ್ತೈತಿ ಅಂತ ಭಾಳ ಮಂದಿ ತಿಳ್ಕೊಂಡಾರ. ಈಗಿನ ಇನ್ವರ್ಟರ್ ಮಾಡೆಲ್‌ದಾಗ ಸಾಮಾನ್ಯ ಹಂಗಿಲ್ಲ, ಆದ್ರೂ ತಗೊಳ್ಳೂ ಮುಂದ ಕೇಳಿ ಖಾತ್ರಿ ಮಾಡ್ಕೋರಿ. ಔಟ್‌ಡೋರ್‌ನಾಗ ರಿವರ್ಸಿಂಗ್ ವಾಲ್ವ್ ಇರ್ತೈತಿ, ಅದು ಗ್ಯಾಸಿನ ಹಾದಿ ತಿರುಗಿಸ್ತೈತಿ. ಬ್ಯಾಸಗ್ಯಾಗ ಖೋಲಿ ಶಾಖಾ ಹೊರಗ ಒಗೀತೈತಿ, ಥಂಡ್ಯಾಗ ಹೊರಗಿನ ಗಾಳ್ಯಾಗಿನ ಶಾಖಾ ಒಳಗ ತರ್ತೈತಿ. ಹೊರಗ 10 ಡಿಗ್ರಿ ಇದ್ರೂ ಗಾಳ್ಯಾಗ ಶಾಖಾ ಇರ್ತೈತ್ರಿ. ನಿಮ್ಮ ಕಾಯಿಲ್ ಹೀಟರ್ 2000 ವಾಟ್ ತಿಂದು ಅಷ್ಟ ಬಿಸಿ ಕೊಡ್ತಿತ್ತು. ಇದು ಅಷ್ಟ ಬಿಸಿ ಕೊಡಾಕ 600–700 ವಾಟ್ ತಗೋತೈತಿ. ಆರು ತಾಸು ಹಚ್ಚಿದ್ರ ಅದು 12 ಯೂನಿಟ್, ಇದು 4ರ ಸುತ್ತಮುತ್ತ. 45 ರಾತ್ರಿಗೆ 360 ಯೂನಿಟ್ ಉಳೀತಾವು. ನಿಮ್ಮ ಬಿಲ್ಲಿನ ಸ್ಲ್ಯಾಬ್ ದರ ನೋಡಿ ಆ 8 ಸಾವಿರಕ್ಕ ತೂಗಿ ನೋಡ್ರಿ.

ಅಂಗಡ್ಯಾವ್ರು ಹೇಳದ ಒಂದು ಮಾತು ಐತಿ. ಥಂಡ್ಯಾಗ ನೀರು ಒಳಗಿನ ಯೂನಿಟ್‌ನಿಂದ ಅಲ್ಲ, ಹೊರಗಿನದರಿಂದ ತೊಟ್ಟಿಕ್ಕತೈತಿ. ಕೆಳಗಿನ ಮನಿಯವರು ಒಣಗಾಕಿದ ಅರಿವಿ ಮ್ಯಾಲ ಬಿತ್ತಂದ್ರ ಜಗಳಾನ. ನೀವು ಮ್ಯಾಲಿನ ಮಹಡ್ಯಾಗ ಅದೀರಿ, ಸೊಸೈಟಿ ಒಪ್ಪಿದ್ರ ತಾರಸಿ ಮ್ಯಾಲ ನೆರಳಿದ್ದಲ್ಲಿ ಇಡಸ್ರಿ. ಪೈಪೂ ಗಿಡ್ಡ ಆಗತೈತಿ, ನೀರೂ ಮಳಿನೀರಿನ ಹಾದ್ಯಾಗ ಹೋಗತೈತಿ.

ಅತ್ತಿಯವರ ಖೋಲಿ 110 ಚದರ ಅಡಿ, 1 ಟನ್ (ಇದು ತಂಪು ಮಾಡೂ ತಾಕತ್ತಿನ ಅಳತಿ, ತೂಕ ಅಲ್ಲ) ಸಾಕು. ನಿಮ್ಮದು 168, ಪಡುವಣ ಬಿಸಲು, ಮ್ಯಾಲ ಸ್ಲ್ಯಾಬ್, ಅಲ್ಲಿ 1.5 ಟನ್ ಬೇಕು. ಒಂದ ಔಟ್‌ಡೋರ್‌ಗೆ ಮೂರು ಇನ್‌ಡೋರ್ ನಾ ಹೇಳೂದಿಲ್ಲ. ಅದು ಕೆಟ್ಟ ದಿನ ಮೂರೂ ಖೋಲಿ ಒಮ್ಮೆಲೆ ಬಂದ್. 1987ರ ವೈರಿಂಗಿಗೂ ಹಚ್ಚಬ್ಯಾಡ್ರಿ, ಬೋರ್ಡಿನಿಂದ ಬ್ಯಾರೆ ವೈರು, ಬ್ಯಾರೆ ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಬಂದ್ ಆಗೂ ಸ್ವಿಚ್) ಎಳಸ್ರಿ. ಫಿಟ್ಟಿಂಗ್ ದಿನ ಪೈಪಿನ ಗಾಳಿ, ತೇವ ಎಳಿಯೂ ವ್ಯಾಕ್ಯೂಮ್ ಪಂಪ್ ತಂದಾರೇನು ನೋಡ್ರಿ. ಗ್ಯಾಸ್ ಬಿಟ್ಟ ಪೈಪಿನ ಗಾಳಿ ತಗೀತೀವಿ ಅಂದ್ರ ಒಪ್ಪಬ್ಯಾಡ್ರಿ. ಒಳಗ ತೇವ ಉಳಿದ್ರ ಕಂಪ್ರೆಸರ್ ಭಾಳ ದಿನ ಬಾಳೂದಿಲ್ಲ. ಈಗಿನ ಆರ್-32 ಗ್ಯಾಸಿಗೆ ಉರಿಯೂ ಗುಣಾನೂ ಐತಿ.

ಮಡಗಾಂವ್ ಹಂಚಿನ ಮನೆ:

ಫಿಟ್ಟರ್ ಅಣ್ಣ ಯಂತ್ರದ ಮಾತು ಹೇಳಿದ್ದಾರೆ, ನಾನು ಮಾಡಿನ ಮಾತು ಹೇಳುತ್ತೇನೆ. ನಾವು ಅಂಕೋಲೆಯವರು, ಗೋವಾದಲ್ಲಿ ಮಂಗಳೂರು ಹಂಚಿನ ಮನೆಯಲ್ಲಿದ್ದೇವೆ. ಕೋಣೆಗೆ 1.5 ಟನ್ ಹಾಕಿಸಿದೆವು. ತಂಪೆಲ್ಲ ಹಂಚಿನ ಸಂದಿಯಿಂದ ಹೊರಗೆ, ಹೊರಗಿನ ತೇವವೆಲ್ಲ ಒಳಗೆ. ರಾತ್ರಿಯಿಡೀ ಓಡಿದರೂ 27ರ ಕೆಳಗೆ ಇಳಿಯಲಿಲ್ಲ. ಕಡೆಗೆ ಕೆಳಗೊಂದು ಜಿಪ್ಸಮ್ ಸೀಲಿಂಗ್ ಕಟ್ಟಿಸಿದ ಮೇಲೆ ಅದೇ ಏಸಿ ಅರ್ಧ ಗಂಟೆಯಲ್ಲಿ ಕೋಣೆ ತಂಪು ಮಾಡತೊಡಗಿತು. ಸೀಲಿಂಗ್ ಮೊದಲೇ ಆಗಿದ್ದರೆ 1 ಟನ್ನಿನದೇ ಸಾಕಾಗುತ್ತಿತ್ತು ಅಂತ ಈಗಲೂ ಅನಿಸುತ್ತದೆ. ನಿಮ್ಮ ತಾರಸಿಗೆ ಮೊದಲು ಬಿಸಿಲಿನ ಝಳ ತಡೆಯುವ ಬಿಳಿ ಬಣ್ಣ (ಕೂಲ್ ಕೋಟ್) ಬಳಿಸಿ, ಒಂದು ಬೇಸಿಗೆ ನೋಡಿ. ಸಮುದ್ರದ ಉಪ್ಪುಗಾಳಿಗೆ ನಮ್ಮ ಔಟ್‌ಡೋರ್‌ನ ಅಲ್ಯೂಮಿನಿಯಂ ರೆಕ್ಕೆಗಳು ಐದು ವರ್ಷಕ್ಕೆ ಪುಡಿಪುಡಿ ಉದುರಿದವು. ಪುಣೆಯಲ್ಲಿ ಆ ಕಾಟವಿಲ್ಲ.

ಸಹಕಾರನಗರ ಮೇಲ್ಮನೆ:

ಪಾಷಾಣ್ ವಾಸಿಯವರೇ, ರಬ್ಬರ್ ಪಟ್ಟಿ ಇವತ್ತೇ ತಂದೆ. ಆದರೆ ಬಿಸಿನೀರಿನ ಚೀಲ ಆಗುವುದಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಪಾದಕ್ಕೆ ಸ್ಪರ್ಶ ಅಷ್ಟಾಗಿ ಗೊತ್ತಾಗುವುದಿಲ್ಲ. ಸುಟ್ಟರೂ ತಿಳಿಯದು. ಚೀಲವಾಗಲಿ ಕಾಯಿಲ್ ಆಗಲಿ, ಬಿಸಿ ವಸ್ತುವೇ ಅವರ ಹತ್ತಿರ ಇರಬಾರದು ಅಂತ ಡಾಕ್ಟರೂ ಹೇಳಿದ್ದಾರೆ.

ಪಾಷಾಣ್ ವಾಸಿ:

ಇದು ನನಗೆ ಹೊಳೆಯಲಿಲ್ಲ. ಹಾಗಾದರೆ ಹಾಕಿಸಿ, ತಾಯಿ. ನನ್ನ ಲೆಕ್ಕ ಬರೀ ಹವೆಯದಾಗಿತ್ತು.

ಸಹಕಾರನಗರ ಮೇಲ್ಮನೆ (ಐದು ವಾರದ ಮೇಲೆ):

ಅತ್ತೆಯ ಕೋಣೆಗೆ ಮಾತ್ರ 1 ಟನ್ನಿನ ಹಾಟ್ ಅಂಡ್ ಕೋಲ್ಡ್ ಹಾಕಿಸಿದೆವು. ಸೊಸೈಟಿಗೆ ಅರ್ಜಿ ಕೊಟ್ಟು ಔಟ್‌ಡೋರ್ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ಇಡಿಸಿದೆ. ವ್ಯಾಕ್ಯೂಮ್ ಪಂಪ್ ತರದೆ ಬಂದ ಹುಡುಗರನ್ನು ವಾಪಸ್ ಕಳಿಸಿದೆ, ಮರುದಿನ ತಂದರು. ಹಾಲ್‌ಗೆ ಬೇಡವೆಂದು ಬಿಟ್ಟೆವು. ನಮ್ಮ ಕೋಣೆಯದು ಸದ್ಯಕ್ಕಿಲ್ಲ, ಫೆಬ್ರುವರಿಯಲ್ಲಿ ತಾರಸಿಗೆ ಬಿಳಿ ಬಳಿಸಿ ಮೇ ತಿಂಗಳು ನೋಡುತ್ತೇವೆ.

ನಿನ್ನೆ ರಾತ್ರಿ ಚಳಿ ಜೋರಿತ್ತು. 23ಕ್ಕೆ ಇಟ್ಟು, ಬಿಸಿಗಾಳಿ ಮೇಲೇ ನಿಲ್ಲದಿರಲೆಂದು ಏಸಿಯ ಗಾಳಿ ಬರುವ ಬಾಯಿಯ ರೆಕ್ಕೆಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದೆ. ಬೆಳಿಗ್ಗೆ ಆರೂವರೆಗೆ ಅತ್ತೆಯನ್ನು ನಾನೇ ಎಬ್ಬಿಸಬೇಕಾಯಿತು. ಗಂಟಲು ಒಣಗಿದೆ ಅಂದರು, ಅದಕ್ಕೆ ಇವತ್ತು ಕೋಣೆಯ ಮೂಲೆಯಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟಿದ್ದೇನೆ. ಫಿಟ್ಟರ್ ಅಣ್ಣ, ಜನವರಿಯ ಬಿಲ್ ಬಂದ ಕೂಡಲೇ ಯೂನಿಟ್ ಲೆಕ್ಕ ಇಲ್ಲೇ ಬರೆಯುತ್ತೇನೆ.