ಎಟಿಆರ್‌ದಾಗ ಹೊಸ ಫಸ್ಟ್ ಆಫೀಸರ್ (ಸಹ ಪೈಲಟ್): ಲೈನ್ ಟ್ರೇನಿಂಗ್‌ಗಿಂತ ಮೊದಲ ಏನೇನು ತಯಾರಿ ಬೇಕ್ರಿ?

ಪ್ರಶ್ನೆ: ಉಣಕಲ್ ಕೆರಿ ದಂಡಿ

ನಮಸ್ಕಾರ್ರಿ ಎಲ್ಲಾರಿಗೂ. ಎಟಿಆರ್ 72-600 (ಎರಡು ಪ್ರೊಪೆಲ್ಲರಿನ ಪ್ರಯಾಣಿಕರ ವಿಮಾನ) ಟೈಪ್ ರೇಟಿಂಗ್, ಅಂದ್ರ ಆ ವಿಮಾನ ಹಾರಸೂ ಅರ್ಹತಿ, ಮುಗದೈತಿ, ಪ್ರಯಾಣಿಕರಿಲ್ಲದ ಟೇಕಾಫ್-ಲ್ಯಾಂಡಿಂಗ್ ಮಾಡೂ ಬೇಸ್ ಟ್ರೇನಿಂಗೂ ಆಗೈತಿ. ಬರೋ ತಿಂಗಳ ಸೂಪರ್‌ವೈಸ್ಡ್ ಲೈನ್ ಫ್ಲೈಯಿಂಗ್ (ಪ್ರಯಾಣಿಕರಿದ್ದ ವಿಮಾನದಾಗ ಟ್ರೇನರ್ ಕ್ಯಾಪ್ಟನ್ ಪಕ್ಕ ಕುಂತು ಕಲಿಯೂ ಲೈನ್ ಟ್ರೇನಿಂಗ್) ಸುರು. ಬೇಸ್ ಬೆಂಗಳೂರು, ಮನಿ ಹುಬ್ಬಳ್ಳಿ. ಇರೂದು 200 ತಾಸಿನ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್), ಹೆಚ್ಚಿನಂಶ ಒಂದ ಎಂಜಿನ್ನಿನ ಸಣ್ಣ ಸೆಸ್ನಾ 172ದಾಗಿಂದು. ಮೊದಲನೇ ಐವತ್ತು ಸೆಕ್ಟರಿನಾಗ (ಒಂದು ಟೇಕಾಫಿನಿಂದ ಲ್ಯಾಂಡಿಂಗ್ ತನಕ ಒಂದು ಸೆಕ್ಟರ್) ಹೊಸಬರು ಎಲ್ಲಿ ಎಡವತಾರ? ಎಸ್‌ಒಪಿ (ಕೆಲಸದ ಕ್ರಮ), ಲಿಮಿಟೇಶನ್ (ವಿಮಾನದ ಮಿತಿ) ಬಾಯಿಪಾಠ ಮಾಡೀನಿ. ಅದರ ಹೊರತು ಏನು ನೋಡ್ಕೋಬೇಕು, ಬಿಡಿಸಿ ಹೇಳ್ರಿ.

ಉತ್ತರ: ಎಡಗಡಿ ಸೀಟು

ತಮ್ಮಾ, ವಿಮಾನ ಹಾರಸೂದು ಬರೂದಿಲ್ಲಂತ ಯಾರೂ ಎಡವೂದಿಲ್ಲ. ವಿಮಾನ ಮುಂದ ಹೋಗಿರತೈತಿ, ತಲಿ ಹಿಂದ ಉಳದಿರತೈತಿ. ತೊಂದ್ರಿ ಅಷ್ಟ.

ಬೆಂಗಳೂರು–ಹುಬ್ಬಳ್ಳಿ ಲೆಕ್ಕಾನ ತಗೋ. ನೇರ ದೂರ ಸುಮಾರು 370 ಕಿ.ಮೀ., ಅಂದ್ರ 200 ನಾಟಿಕಲ್ ಮೈಲು. ಎಫ್‌ಎಲ್ 180ಕ್ಕ, ಅಂದ್ರ 18,000 ಅಡಿಗೆ, ಏರೂದಕ್ಕ ಅರವತ್ತು ಎಪ್ಪತ್ತು ಮೈಲು ಹೋತು, ಇಳಿಯೂದಕ್ಕ ಐವತ್ತು. ನಡುವ ಸಮ ಹಾರೂದು ಬರೇ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಾಗ ಹವಾಮಾನ ತಗೋಬೇಕು, ಲ್ಯಾಂಡಿಂಗ್ ಸ್ಪೀಡ್ ತೆಗೀಬೇಕು, ಎಫ್‌ಎಂಎಸ್‌ದಾಗ (ದಾರಿ ಲೆಕ್ಕ ಹಾಕೂ ಕಂಪ್ಯೂಟರ್) ಅಪ್ರೋಚ್, ಅಂದ್ರ ರನ್‌ವೇಗೆ ಇಳಿಯೂ ದಾರಿ, ಹಾಕಬೇಕು, ಬ್ರೀಫಿಂಗ್ ಮುಗಸಬೇಕು. ಕ್ರೂಸ್ ಚೆಕ್‌ಲಿಸ್ಟ್ ಆದ ಕೂಡ್ಲೇ ಇದಕ್ಕ ಕೈ ಹಾಕು. ಚಹಾ ಆಮ್ಯಾಲ.

ಇಳಿಯೂ ಲೆಕ್ಕ ಬಾಯಾಗ ಬರಬೇಕು: ಪ್ರತಿ 1,000 ಅಡಿಗೆ 3 ಮೈಲು. ಹುಬ್ಬಳ್ಳಿ ಏರ್‌ಪೋರ್ಟ್ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮ್ಯಾಲೈತಿ, ಅದನ್ನ ಮರತು ಸೊನ್ನಿತನಕ ಲೆಕ್ಕ ಹಾಕಬ್ಯಾಡ. 18,000ದಿಂದ 4,000ಕ್ಕ ಇಳೀಬೇಕಂದ್ರ 14 × 3 = 42 ಮೈಲು. ಸ್ಪೀಡ್ ಕಳಿಯಾಕ ಇನ್ನೊಂದು 6–8 ಮೈಲು ಕೂಡಸು. ಇಳಿಯೂ ದರಕ್ಕ ಗ್ರೌಂಡ್ ಸ್ಪೀಡನ್ನ 5ರಿಂದ ಗುಣಸು: 240 ನಾಟ್ ಇದ್ರ ನಿಮಿಷಕ್ಕ 1,200 ಅಡಿ. ಹಿಂದಿನ ಗಾಳಿ ಇದ್ರ ದರ ಏರಸಬೇಕು, ಇಲ್ಲಾ ಮೊದಲ ಇಳಿಯಾಕ ಸುರು ಮಾಡಬೇಕು.

ಊರಿನ ಎತ್ತರ ಮರೆಯೂ ತಪ್ಪು ಇನ್ನೊಂದು ಕಡೆನೂ ಬರತೈತಿ. ಸ್ಟೆಬಿಲೈಸ್ಡ್ ಅಪ್ರೋಚಿನ (ಸ್ಪೀಡ್, ಇಳಿಯೂ ದರ ಎಲ್ಲಾ ಸರಿಯಾಗಿ ಕುಂತಿರಬೇಕಾದ ಇಳಿತ) 1,000 ಅಡಿ ಗೇಟ್ ಹುಬ್ಬಳ್ಳಿಯಾಗ ಅಲ್ಟಿಮೀಟರ್ (ಎತ್ತರ ತೋರಸೂ ಗೇಜ್) ಮ್ಯಾಲ 3,170, 500 ಅಡಿ ಗೇಟ್ 2,670. ಬ್ರೀಫಿಂಗಿನಾಗ ಈ ಎರಡು ಅಂಕಿ ಬಾಯಿಬಿಟ್ಟು ಹೇಳು. ಕ್ಯೂಎನ್‌ಎಚ್ (ಅಲ್ಟಿಮೀಟರಿಗೆ ಹಾಕೂ ಗಾಳಿ ಒತ್ತಡದ ಅಂಕಿ) 1008 ಇದ್ದಲ್ಲಿ 1018 ಹಾಕಿದ್ರ ಅಲ್ಟಿಮೀಟರ್ ತೋರಸೂಕ್ಕಿಂತ ಸುಮಾರು 280 ಅಡಿ ಕೆಳಗ ಇರತಿ. ಅದಕ್ಕ ಇಬ್ಬರೂ ಪೈಲಟ್ ತಮ್ಮ ತಮ್ಮ ಕಡಿ ಗೇಜ್ ಓದಿ ತಾಳೆ ನೋಡೂದು.

ಇನ್ನ ಕೈಕಾಲಿನ ಮಾತು. ಸೆಸ್ನಾದಿಂದ ಬಂದವರು ರಡ್ಡರ್ ಟ್ರಿಮ್ (ಮೂಗು ನೇರ ಇಡಾಕ ಬಾಲದ ರಡ್ಡರ್ ಹೊಂದಸೂ ಗುಂಡಿ) ಮರೀತಾರ. ಎಟಿಆರ್‌ದಾಗ ಪವರ್ ಇಲ್ಲಾ ಸ್ಪೀಡ್ ಬದಲಾದಾಗೆಲ್ಲ ಮೂಗು ಒಂದು ಕಡಿ ವಾಲತೈತಿ. ಸ್ಲಿಪ್ ಗುರುತು ನಡುವ ಐತೇನು ನೋಡಿ ಟ್ರಿಮ್ ತಿರುವು. ಬಿಟ್ರ ಆಟೊಪೈಲಟ್ ಓರೆಯಾಗೇ ಎಳಕೊಂಡು ಹೋಗತೈತಿ, ಫೈನಲ್‌ದಾಗ ಅದನ್ನ ತೆಗದ ಗಳಿಗಿಗೆ ವಿಮಾನ ಕೈಯಾಗ ಒಮ್ಮೆಲೆ ಹೊಳ್ಳತೈತಿ. ಫ್ಲೇರ್ (ನೆಲ ತಾಗೂಕಿಂತ ಮೊದಲ ಮೂಗು ಎತ್ತೂದು) ಸಣ್ಣದು ಸಾಕು. ಮೂಗು ಎತ್ತಿ ಹಿಡಕೊಂಡು ತೇಲಾಕ ಹೋಗಬ್ಯಾಡ, 72 ಉದ್ದನ್ನ ವಿಮಾನ, ಬಾಲ ತಾಗತೈತಿ.

ಉತ್ತರ: ಗದಗ ಡಿಸ್ಪ್ಯಾಚ್

ಮೇಲಿನವರು ಆಕಾಶದ ಲೆಕ್ಕ ಹೇಳಿದ್ದಾರೆ, ನಾನು ನೆಲದ ಲೆಕ್ಕ ಹೇಳುತ್ತೇನೆ.

ಇಂಧನ: ವಿಮಾನದ ಗೇಜ್ ಕಿಲೋದಲ್ಲಿ, ಬೌಸರ್ (ಇಂಧನ ತುಂಬುವ ಟ್ಯಾಂಕರ್) ಚೀಟಿ ಲೀಟರ್‌ನಲ್ಲಿ. ಸಾಂದ್ರತೆ ಸುಮಾರು 0.79. ಟ್ಯಾಂಕಿನಲ್ಲಿ 900 ಕಿಲೋ ಉಳಿದಿದ್ದು 2,000 ಬೇಕಿದ್ದರೆ, 1,100 ÷ 0.79, ಅಂದರೆ 1,390 ಲೀಟರ್ ಆಸುಪಾಸು ಚೀಟಿಯಲ್ಲಿ ಕಾಣಬೇಕು. 1,100 ಲೀಟರ್ ಎಂದು ಬರೆದಿದ್ದರೆ ಯಾರೋ ಕಿಲೋವನ್ನೇ ಲೀಟರ್ ಎಂದು ಹೇಳಿದ್ದಾರೆ. ಒಳಗೆ ಹೋಗಿರುವುದು 870 ಕಿಲೋ ಮಾತ್ರ. ಸಹಿ ಹಾಕುವ ಮೊದಲೇ ಲೆಕ್ಕ ಹಾಕಿ.

ಸಮಯ: ಫ್ಲೈಟ್ ಪ್ಲಾನ್, ಮೆಟಾರ್ (ಹವಾಮಾನ ವರದಿ), ನೋಟಾಮ್ (ಪೈಲಟ್‌ಗಳಿಗೆ ಸೂಚನೆ) ಎಲ್ಲವೂ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ. ನಮ್ಮ ಗಡಿಯಾರ ಐದೂವರೆ ತಾಸು ಮುಂದೆ. ಬೆಳಗಿನ 5ಕ್ಕೆ ಹೊರಡುವ ವಿಮಾನ ಯುಟಿಸಿಯಲ್ಲಿ ಹಿಂದಿನ ದಿನದ 23:30. ಲಾಗ್‌ಬುಕ್‌ನಲ್ಲಿ ತಾರೀಖು ತಪ್ಪುವುದು, ಮುಗಿದುಹೋದ ನೋಟಾಮನ್ನು ಜಾರಿಯಲ್ಲಿದೆ ಎಂದು ಓದುವುದು, ಎರಡೂ ಇಲ್ಲಿಂದಲೇ.

ಹೊಟೇಲ್ ಮೋಡ್: ನಿಂತಾಗ ಕರೆಂಟು ಕೊಡುವ ಎಪಿಯು ಎಂಬ ಸಣ್ಣ ಎಂಜಿನ್ ಎಟಿಆರ್‌ಗೆ ಇಲ್ಲ. ಬಲಗಡೆಯ ಎಂಜಿನ್ ಓಡುತ್ತಿರುತ್ತದೆ, ಪ್ರೊಪೆಲ್ಲರನ್ನು ಬ್ರೇಕ್ ಹಿಡಿದಿರುತ್ತದೆ. ಕರೆಂಟು, ಎಸಿ ಗಾಳಿ ಅದರಿಂದಲೇ. ಪ್ರಯಾಣಿಕರು ಎಡಗಡೆ ಹಿಂದಿನ ಬಾಗಿಲಿನಿಂದ ಹತ್ತುತ್ತಾರೆ, ಲಗೇಜಿನವರು ಮಾತ್ರ ಎಲ್ಲಿ ಬೇಕಾದರೂ ಇರುತ್ತಾರೆ. ಬ್ರೇಕ್ ಬಿಟ್ಟರೆ ಸುಮಾರು 4 ಮೀಟರ್ ವ್ಯಾಸದ ಪ್ರೊಪೆಲ್ಲರ್ ತಿರುಗಲು ಶುರು. ಗ್ರೌಂಡ್ ಎಂಜಿನಿಯರ್ ಬಾಯಿಂದ ‘ಕ್ಲಿಯರ್’ ಕೇಳದೆ ಬ್ರೇಕ್ ಬಿಡಬೇಡಿ. ಹಿಂಗಾಳಿಗೆ ಮಿತಿ ಇದೆ, ಅದನ್ನೂ ನೋಡಿಕೊಳ್ಳಿ.

ಬಿಎ ಟೆಸ್ಟ್ (ಉಸಿರಿನಲ್ಲಿ ಆಲ್ಕೋಹಾಲ್ ಪರೀಕ್ಷೆ): ಮದ್ಯ ಮುಟ್ಟಿದ ಮೇಲೆ 12 ತಾಸು ಡ್ಯೂಟಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಸಿಕ್ಕಿಬೀಳುವುದು ಮೌತ್‌ವಾಶ್, ಹೋಮಿಯೋಪತಿ ಹನಿಗಳಿಂದ. ಮನೆಯಲ್ಲಿ ಅಜ್ಜಿ ಪ್ರೀತಿಯಿಂದ ಕೊಡುವ ದಶಮೂಲಾರಿಷ್ಟ, ಅಶ್ವಗಂಧಾರಿಷ್ಟಗಳಲ್ಲೂ ಹುದುಗಿನಿಂದ ಬಂದ ಆಲ್ಕೋಹಾಲ್ ಇರುತ್ತದೆ. ಮೊದಲ ಸಲ ಪಾಸಿಟಿವ್ ಬಂದರೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಸಲ ಮೂರು ವರ್ಷ.

ಪ್ರಶ್ನೆ: ಉಣಕಲ್ ಕೆರಿ ದಂಡಿ

ಭಾಳ ಉಪಕಾರ ಆತ್ರಿ ಇಬ್ಬರದೂ. ಇನ್ನೆರಡು ಕೇಳ್ತೀನಿ. ಬ್ಯಾಸಿಗಿ, ಮಳಿಗಾಲದಾಗ ನಮ್ಮ ಕಡೆ ಏನು ಫರಕ? ಮತ್ತ, ಹುಬ್ಬಳ್ಳಿಯಾಗ ಇದ್ದು ಬೆಂಗಳೂರಿಗೆ ಹೋಗಿ ಬಂದು ಮಾಡಬಹುದೇನ್ರಿ?

ಉತ್ತರ: ಎಡಗಡಿ ಸೀಟು

ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ರ ಹುಬ್ಬಳ್ಳಿ ರನ್‌ವೇದ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ಎತ್ತರದ್ದರಷ್ಟು ತೆಳ್ಳಗೈತಿ ಅನ್ನೂ ಲೆಕ್ಕ) ಸುಮಾರು 5,500 ಅಡಿ. ಗಾಳಿ ತೆಳ್ಳಗ, ಎಂಜಿನ್ ಶಕ್ತಿ ಕಡಿಮಿ, ರನ್‌ವೇ ಹೆಚ್ಚು ಬೇಕು. ಇಂಡಿಕೇಟೆಡ್ 110 ನಾಟ್ ಇದ್ರ ಖರೇ ವೇಗ 119ರ ಹತ್ರ. ನೆಲ ಜೋರಾಗಿ ಓಡಿ ಬಂದಂಗ ಕಾಣತೈತಿ. ಅದನ್ನ ನೋಡಿ ಸ್ಪೀಡ್ ಕಳಿಯಾಕ ಹೋಗಬ್ಯಾಡ, ಗೇಜ್ ನಂಬು. ಅಡ್ಡಮಳಿ ಸಂಜೀಕ ಬರತೈತಿ. ಹವಾಮಾನ ರಡಾರಿನ ಟಿಲ್ಟ್ (ಓರೆ) ಒಂದ ಕಡೆ ಇಟ್ಟು ಕೂಡಬ್ಯಾಡ, ಮ್ಯಾಲ ಕೆಳಗ ಆಡಸಿ ಮೋಡದ ಬುಡ ನೋಡು. ರಡಾರ್‌ದಾಗ ಹಸಿರು, ಅಂದ್ರ ಹಗುರ ಮಳಿ, ಕಂಡ್ರೂ ಅದರ ಹಿಂದ ಏನೈತಿ ಗೊತ್ತಾಗೂದಿಲ್ಲ. ಮೋಡ ಗಾಳಿಗೆ ಯಾವ ಕಡಿ ಸರೀತೈತೋ ಅದರ ವಿರುದ್ಧ ಕಡಿಯಿಂದ ದಾಟು.

ಜೂನ್ ಬಂದ್ರ ಗಾಳಿ ಪಡುವಣದ್ದು, ಹೆಚ್ಚಾಗಿ ರನ್‌ವೇ 26. ಮುಂಜಾನಿ ಮೋಡ ತಳಕ್ಕ ಕುಂತಿರತೈತಿ. ಆಲ್ಟರ್ನೇಟ್ (ಇಳಿಯಾಕ ಆಗದಿದ್ರ ಹೋಗೂ ಇನ್ನೊಂದು ಏರ್‌ಪೋರ್ಟ್) ಬೆಳಗಾವಿ ಹತ್ರ ಅಂತ ಕಣ್ಣು ಮುಚ್ಚಿ ಹಾಕಬ್ಯಾಡ; ಹುಬ್ಬಳ್ಳಿ ಮುಚ್ಚಿಸಿದ ಮೋಡ ಬೆಳಗಾವಿಯನ್ನೂ ಮುಚ್ಚಿರಬಹುದು. ಬೆಂಗಳೂರಿಗೆ ಹೊಳ್ಳಿ ಹೋಗೋವಷ್ಟು ಎಣ್ಣಿ ಬೇಕಾತಂದ್ರ ಹೊರಡೂಕಿಂತ ಮೊದಲ ಕ್ಯಾಪ್ಟನ್‌ಗೆ ಹೇಳು. ಹೊಸಬ ಅಂತ ಸುಮ್ನ ಕೂಡಬ್ಯಾಡ, ಪಿಎಂ (ಪೈಲಟ್ ಮಾನಿಟರಿಂಗ್, ಹಾರಸೂವರ ಮ್ಯಾಲ ಕಣ್ಣಿಡೂ ಪೈಲಟ್) ಸೀಟಿನ ಕೆಲಸಾನ ಅದು.

ಉತ್ತರ: ನವನಗರ ವಾರದ ರಜಾ

ಹೋಗಿಬರೂ ವಿಚಾರ: ರಿಲೀಸ್ ಚೆಕ್ (ಲೈನ್ ಟ್ರೇನಿಂಗ್ ಮುಗಸೂ ಪರೀಕ್ಷಾ) ಆಗೂವರೆಗೂ ಬೆಂಗಳೂರಾಗ ರೂಮ್ ಮಾಡ್ರಿ, ದೇವನಹಳ್ಳಿ ಯಲಹಂಕ ಕಡೆ. ಸ್ಟ್ಯಾಂಡ್‌ಬೈ ದಿನ ಕರದ್ರ ಹೇಳಿದ ಹೊತ್ತಿನಾಗ ಏರ್‌ಪೋರ್ಟ್ ಮುಟ್ಟಬೇಕು, ಹುಬ್ಬಳ್ಳಿಯಿಂದ ಆಗೂ ಮಾತಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ದಾಗ ರಾತ್ರಿ ಅರ್ಧಂಬರ್ಧ ನಿದ್ದಿ ಮಾಡಿ ಮುಂಜಾನಿ ಡ್ಯೂಟಿ ಹತ್ತೂದು ಕಾಗದದ ಮ್ಯಾಲ ವಿಶ್ರಾಂತಿ, ಖರೇ ವಿಶ್ರಾಂತಿ ಅಲ್ಲ. ವಾರದ ವಿಶ್ರಾಂತಿ 48 ತಾಸು. ಮೊದಲ ರಾತ್ರಿ ಬೆಂಗಳೂರಾಗ ಮಲಗಿ ಮುಂಜಾನಿ ಊರಿಗೆ ಬರ್ರಿ, ಕಡಿ ರಾತ್ರಿ ಹೊಳ್ಳಿ ಬೆಂಗಳೂರಾಗ ಮಲಗ್ರಿ. ನಡುವ ಸಿಗೂದು ಒಂದ ಹಗಲು. ಲಗ್ನ, ಜಾತ್ರಿ ಇದ್ರ ರೋಸ್ಟರ್ ಹೊರಬೀಳೂಕಿಂತ ಮೊದಲ ರಜಾ ಹಾಕ್ರಿ, ಬಿದ್ದ ಮ್ಯಾಲ ಯಾರೂ ಕೇಳೂದಿಲ್ಲ.