ಚಾರ್ಮಾಡಿ ಹತ್ತುವಾಗ 800 ಕುದಿಯುತ್ತದೆ: ಗ್ಯಾಸ್ಕೆಟ್ಟಾ, ರೇಡಿಯೇಟರ್ರಾ?

ಹಳೇ_ಎಂಟ್ನೂರು
ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ, ಎಸಿ ಇಲ್ಲ. ಉಜಿರೆ, ಬೆಳ್ತಂಗಡಿ ಕಡೆ ಓಡಾಡುವಾಗ ಏನೂ ತೊಂದರೆ ಇಲ್ಲ. ಸೂಜಿ ಅರ್ಧಕ್ಕೂ ಬರುವುದಿಲ್ಲ, ಬೆಳಿಗ್ಗೆಯಂತೂ ಬಿಸಿಯಾಗಲಿಕ್ಕೇ ತುಂಬಾ ಹೊತ್ತು ಬೇಕು. ಆದರೆ ಚಾರ್ಮಾಡಿ ಘಾಟಿ ಹತ್ತಲಿಕ್ಕೆ ಶುರು ಮಾಡಿದರೆ ಅಣ್ಣಪ್ಪ ಸ್ವಾಮಿ ಗುಡಿ ದಾಟುವಷ್ಟರಲ್ಲಿ ಸೂಜಿ ಕೆಂಪಿಗೆ ಹೋಗಿ ಕೂತಿರುತ್ತದೆ, ಬಾನೆಟ್ ಒಳಗಿಂದ ಗುಳುಗುಳು ಸದ್ದು. ಫ್ಯಾನ್ ತಿರುಗುತ್ತಿದೆ. ನೀರು ಆಗಾಗ ಸ್ವಲ್ಪ ಹಾಕಬೇಕು, ಕೆಳಗೆ ಸೋರಿದ ಗುರುತು ಎಲ್ಲೂ ಇಲ್ಲ. ಗ್ಯಾರೇಜಿನವರು ನೋಡಿದ ಕೂಡಲೇ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಬೇಕು ಅಂದರು. ಅಷ್ಟು ದುಡ್ಡು ಸುರಿಯುವ ಮೊದಲು ಬೇರೆ ಏನಾದರೂ ನೋಡಬಹುದಾ? ಸದ್ಯಕ್ಕೆ ಹತ್ತುವಾಗ ಅಲ್ಲಲ್ಲಿ ನಿಲ್ಲಿಸುತ್ತೇನೆ, ಇಳಿಯುವಾಗ ನ್ಯೂಟ್ರಲ್ ಹಾಕಿ ಇಂಜಿನ್‌ಗೆ ರೆಸ್ಟ್ ಕೊಡುತ್ತೇನೆ.

ಗುಂಡ್ಯದ_ಸ್ಪ್ಯಾನರ್
ಸೋರುವುದಿಲ್ಲ, ಆದರೂ ನೀರು ಕಮ್ಮಿ ಆಗುತ್ತದೆ. ಇಷ್ಟು ಸಾಕು. ನೀರು ಸಿಲಿಂಡರ್ ಒಳಗೆ ಹೋಗಿ ಹಬೆಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತಿದೆ. ಗ್ಯಾಸ್ಕೆಟ್ಟೇ. ಹೆಡ್ ಅಲ್ಯೂಮಿನಿಯಂ ಇರುತ್ತದೆ, ಒಂದೇ ಸಲ ಜೋರಾಗಿ ಕುದಿಸಿದರೂ ಬಾಗಬಹುದು. ತಡ ಮಾಡಿದಷ್ಟೂ ಖರ್ಚು ಜಾಸ್ತಿ.

ಮೂಡಿಗೆರೆ_ಮೋಟರ್
"ಇಷ್ಟು ಸಾಕು" ಅಂತೆ! ಒಂದೂ ಪರೀಕ್ಷೆ ಮಾಡದೆ ಹೆಡ್ ಇಳಿಸುವವರಿಂದಲೇ ಹಳೆ ಗಾಡಿಗಳು ಗುಜರಿಗೆ ಹೋಗುವುದು. ಗ್ಯಾಸ್ಕೆಟ್ ಹೋಗಿದ್ದರೆ ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ, ನೀರು ಬಿಸಿಯಾಗುವ ಮೊದಲೇ, ರೇಡಿಯೇಟರ್‌ನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಕ್ಯಾಪ್ ತೆಗೆದು ನೋಡಿದರೆ ಗುಳ್ಳೆ ಬರುತ್ತಲೇ ಇರುತ್ತದೆ. ರೇಡಿಯೇಟರ್ ಬಾಯಿಗೆ ಇಟ್ಟು ನೋಡುವ ನೀಲಿ ದ್ರಾವಣದ ಟೆಸ್ಟ್ ಇದೆ, ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ಹಳದಿಗೆ ತಿರುಗುತ್ತದೆ. ಇದೆಲ್ಲ ಹೆಡ್ ಇಳಿಸುವ ಖರ್ಚಿನ ಒಂದು ಚೂರು.

ನಿಂತಲ್ಲಿ ಬಿಸಿಯಾದರೆ ಫ್ಯಾನ್ ಅಥವಾ ಅದರ ಸ್ವಿಚ್ ನೋಡಬೇಕು. ಹತ್ತುವಾಗ ಮಾತ್ರ ಬಿಸಿಯಾದರೆ ಮೊದಲು ರೇಡಿಯೇಟರ್ ನೋಡಬೇಕು. ಊರೊಳಗೆ ಇಂಜಿನ್ ಹುಟ್ಟಿಸುವ ಬಿಸಿ ಕಮ್ಮಿ, ಅರ್ಧ ಕಟ್ಟಿದ ರೇಡಿಯೇಟರ್ ಕೂಡ ಸಂಭಾಳಿಸುತ್ತದೆ. ಘಾಟಿಯಲ್ಲಿ ಕಾಲು ಪೂರ್ತಿ ಒತ್ತಿ ನಿಧಾನ ಹೋಗುವಾಗ ಬಣ್ಣ ಬಯಲಾಗುತ್ತದೆ.

ಅಂಬಿ_ಸಾಹುಕಾರ
ಅಷ್ಟೆಲ್ಲ ಸರ್ಕಸ್ ಯಾಕೆ? ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಆ ಥರ್ಮೋಸ್ಟಾಟ್ ಕಿತ್ತು ಬಿಸಾಡಿ. ಇದೇನು ಕಾಶ್ಮೀರವಾ? ನಮ್ಮ ಅಂಬಾಸಿಡರ್ ಟ್ಯಾಕ್ಸಿಗಳಿಗೆ ಅದು ಯಾವತ್ತೂ ಇರಲಿಲ್ಲ, ಬರೀ ನೀರಲ್ಲೇ ಲಕ್ಷಗಟ್ಟಲೆ ಕಿಲೋಮೀಟರ್ ಓಡಿವೆ. ಕೂಲೆಂಟ್ ಕೂಡ ಬೇಡ, ಬಿಸಿ ಹೊರುವ ವಿಷಯದಲ್ಲಿ ನೀರನ್ನು ಮೀರಿಸುವುದಿಲ್ಲ ಅದು. ಇಳಿಯುವಾಗ ನ್ಯೂಟ್ರಲ್ ಹಾಕುವುದು ಒಳ್ಳೆ ಅಭ್ಯಾಸ, ಮುಂದುವರಿಸಿ.

ಬಣಕಲ್_ಕಾಫಿ
"ಒಳ್ಳೆ ಅಭ್ಯಾಸ"ವಾ? ಸ್ವಾಮಿ, ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಅಂತ ಬರೆಯುವ ಮೊದಲು ಎರಡು ಸಲ ಯೋಚಿಸಿ. ಪೂರ್ತಿ ಭಾರ ಬ್ರೇಕ್ ಮೇಲೆ. ಸಾಮಾನ್ಯ ಡಾಟ್ 3 ಬ್ರೇಕ್ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿವರೆಗೆ ತಡೆಯುತ್ತದೆ, ತೇವ ಹೀರಿಕೊಂಡು ಹಳೆಯದಾದರೆ 140ಕ್ಕೇ ಕುದಿಯಬಹುದು. ಕುದಿದರೆ ಪೆಡಲ್ ಸೀದಾ ನೆಲಕ್ಕೆ. ಈ ಗಾಡಿಯಲ್ಲಿ ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ ಅಂತ ಯಾರಾದರೂ ಕೇಳಿದಿರಾ?

ಅಂದ ಹಾಗೆ, ಬೆಳಿಗ್ಗೆ ಬಿಸಿಯಾಗಲು ತುಂಬಾ ಹೊತ್ತು, ಸೂಜಿ ಅರ್ಧಕ್ಕೂ ಬರುವುದಿಲ್ಲ ಅಂದರೆ ಅದರಲ್ಲಿ ಥರ್ಮೋಸ್ಟಾಟ್ ಈಗಾಗಲೇ ಇಲ್ಲ ಅನಿಸುತ್ತದೆ.

ಅಂಬಿ_ಸಾಹುಕಾರ
205 ಡಿಗ್ರಿ ಲೆಕ್ಕ ಲಾರಿಗೆ ಹೇಳಿ. 800ರ ತೂಕ ಏಳು ಕ್ವಿಂಟಾಲ್ ಕೂಡ ಇಲ್ಲ. ಆಟದ ಸಾಮಾನಿನಂಥ ಗಾಡಿ, ಅದರ ಬ್ರೇಕ್ ಕುದಿಯುತ್ತದಂತೆ!

ಬಣಕಲ್_ಕಾಫಿ
ಹಗುರ ಗಾಡಿಗೆ ಬ್ರೇಕೂ ಚಿಕ್ಕದೇ ಕೊಟ್ಟಿರುತ್ತಾರೆ. 12 ಇಂಚಿನ ಚಕ್ರದೊಳಗೆ ಹಿಡಿಸುವಷ್ಟೇ ಬ್ರೇಕ್ ಅದು. ನಾಲ್ಕು ಜನ, ಡಿಕ್ಕಿ ತುಂಬ ಲಗೇಜ್ ಹಾಕಿ ಇಳಿಯಿರಿ, ಮೇಲಿಂದ ಕೆಳಗಿನವರೆಗೆ ಕಾಲು ಪೆಡಲ್ ಮೇಲೆ ಇಟ್ಟುಕೊಂಡೇ ಬನ್ನಿ. ಆಮೇಲೆ ಚಕ್ರದ ಹತ್ತಿರ ಮೂಗು ಒಡ್ಡಿ ನೋಡಿ.

ಕುಡ್ಲ_ಕ್ಲಚ್
ಬ್ರೇಕ್ ಬಿಡಿ. ನ್ಯೂಟ್ರಲ್‌ನಲ್ಲಿ ಇಂಜಿನ್ ತಣ್ಣಗಾಗುವುದಂತೂ ನಿಜ ಅಲ್ವಾ? ಐಡಲ್‌ನಲ್ಲಿ ಪೆಟ್ರೋಲೂ ಕಮ್ಮಿ. ಗೇರಲ್ಲಿ ಇಳಿದರೆ ಇಂಜಿನ್ ಮೂರು ಸಾವಿರ ಆರ್‌ಪಿಎಂನಲ್ಲಿ ಕಿರುಚುತ್ತದೆ, ಪಾಪ.

ಬಣಕಲ್_ಕಾಫಿ
ಕಿರುಚುವುದರಿಂದ ಬಿಸಿ ಆಗುವುದಿಲ್ಲ, ಪೆಟ್ರೋಲ್ ಉರಿದರೆ ಬಿಸಿ. ಆಕ್ಸಿಲರೇಟರ್ ಬಿಟ್ಟು ಸೆಕೆಂಡ್ ಗೇರಲ್ಲಿ ಇಳಿಯುವಾಗ ಇಂಜಿನ್ ಒಳಗೆ ಉರಿಯುವುದು ಅತ್ಯಲ್ಪ. ಆದರೆ ನೀರಿನ ಪಂಪ್ ಇಂಜಿನ್ ಜೊತೆಗೇ ತಿರುಗುವುದರಿಂದ ಅದು ಮಾತ್ರ ಜೋರಾಗಿ ನೀರು ತಳ್ಳುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿ ಪಂಪೂ ಐಡಲ್. ಕುದಿದ ಇಂಜಿನ್ ತಣ್ಣಗಾಗಲಿ ಅಂತ ನ್ಯೂಟ್ರಲ್ ಹಾಕುವುದೇ ತಪ್ಪು ಲೆಕ್ಕ.

ಕುಡ್ಲ_ಕ್ಲಚ್
"ಅತ್ಯಲ್ಪ" ಅಂದರೆ ಎಷ್ಟು? ಇದು ಕಾರ್ಬುರೇಟರ್ ಗಾಡಿ. ಇಂಜೆಕ್ಷನ್ ಗಾಡಿ ಹಾಗೆ ಪೆಟ್ರೋಲ್ ಪೂರ್ತಿ ನಿಲ್ಲಿಸುವುದಿಲ್ಲ. ಆರ್‌ಪಿಎಂ ಜಾಸ್ತಿ ಇದ್ದಷ್ಟೂ ಐಡಲ್ ಜೆಟ್‌ನಿಂದ ಎಳೆದುಕೊಳ್ಳುತ್ತಲೇ ಇರುತ್ತದೆ. ನೀವು ಹೊಸ ಗಾಡಿಯ ಮಾತು ತಂದು ಹಳೆ ಗಾಡಿಗೆ ಅಂಟಿಸುತ್ತಿದ್ದೀರಿ.

ಬಣಕಲ್_ಕಾಫಿ
ಪೂರ್ತಿ ನಿಲ್ಲುತ್ತದೆ ಅಂತ ನಾನು ಹೇಳಿದ್ದೆಲ್ಲಿ? ಕೊಟ್ಟಿಗೆಹಾರದಿಂದ ಚಾರ್ಮಾಡಿವರೆಗೆ ನ್ಯೂಟ್ರಲ್‌ನಲ್ಲಿ ನೀವು ಉಳಿಸುವ ಪೆಟ್ರೋಲ್ ದುಡ್ಡಲ್ಲಿ ಕೊಟ್ಟಿಗೆಹಾರದ ಒಂದು ಪ್ಲೇಟ್ ನೀರುದೋಸೆಯೂ ಬರುವುದಿಲ್ಲ.

ಹಳೇ_ಎಂಟ್ನೂರು
ನಾನು ಕೇಳಿದ್ದು ಹತ್ತುವುದರ ಬಗ್ಗೆ.

ಅಂಬಿ_ಸಾಹುಕಾರ
ಸ್ವಲ್ಪ ತಡೀರಿ. ನೀರುದೋಸೆ ಜೋಕ್ ಸಾಕು ಮೇಡಂ. ನಾನು ಶಿರಾಡಿ, ಆಗುಂಬೆ, ಬಿಸಿಲೆ ಎಲ್ಲ ಕಡೆ ಗಾಡಿ ಓಡಿಸಿದವನು. ಇಲ್ಲಿಯವರೆಗೆ ಏನೂ ಆಗಿಲ್ಲ. ಮನೇಲಿ ಕೂತು ಟೈಪ್ ಮಾಡುವವರಿಂದ ಡ್ರೈವಿಂಗ್ ಕಲಿಯುವ ಗತಿ ನನಗೆ ಬಂದಿಲ್ಲ.

ಬಣಕಲ್_ಕಾಫಿ
ಏನೂ ಆಗದೆ ಇದ್ದದ್ದು ನಿಮ್ಮ ಅದೃಷ್ಟ. ಎದುರಿಗೆ ಬಸ್ ಓಡಿಸುವವರು ಯಾವ ಗೇರಲ್ಲಿ ಇಳಿಯುತ್ತಾರೆ ನೋಡಿ. ಹೊಟ್ಟೆಪಾಡಿಗೆ ದಿನಾ ಅದೇ ತಿರುವು ಇಳಿಯುವವರು ಅವರು. ಮನೆ ಬಣಕಲ್‌ನಲ್ಲಿ, ಸ್ವಾಮಿ. ಘಾಟಿ ನನಗೆ ಪ್ರವಾಸ ಅಲ್ಲ.

ಮೂಡಿಗೆರೆ_ಮೋಟರ್
ಜಗಳ ನಡೆಯಲಿ, ನಾನು ಮೂಲ ಪ್ರಶ್ನೆಗೆ ಬರುತ್ತೇನೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮಾರನೇ ದಿನ ಬೆಳಿಗ್ಗೆ, ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಬಿಸಿ ಇದ್ದಾಗ ಮುಟ್ಟಲೇಬೇಡಿ, ಮುಖಕ್ಕೆ ಹಾರುತ್ತದೆ. ಕ್ಯಾಪ್ ತಿರುಗಿಸಿ ಹಿಡಿದರೆ ಸ್ಪ್ರಿಂಗ್ ಕೆಳಗೆ ಒಂದು ರಬ್ಬರ್ ವಾಷರ್, ಅದರ ನಡುವೆ ಅಂಗಿಯ ಗುಂಡಿಯಷ್ಟಿರುವ ಸಣ್ಣ ವಾಲ್ವ್ ಕಾಣುತ್ತದೆ. ಉಗುರಿನಿಂದ ಎಳೆದರೆ ಬಂದು ಬಿಟ್ಟರೆ ಟಪ್ ಅಂತ ಕೂರಬೇಕು. ವಾಷರ್ ಬಿರುಕು ಬಿಟ್ಟಿದ್ದರೆ ಅಥವಾ ವಾಲ್ವ್ ಅಂಟಿದ್ದರೆ ಕ್ಯಾಪ್ ಸತ್ತಿದೆ. ಪಕ್ಕದ ಬಾಟಲಿ ತುಂಬಿದೆ, ರೇಡಿಯೇಟರ್ ಒಳಗೆ ಮಾತ್ರ ನೀರು ಕೆಳಗಿದೆ ಅಂದರೂ ಅದೇ ರೋಗ. ತಣ್ಣಗಾಗುವಾಗ ನೀರು ವಾಪಸ್ ಎಳೆದುಕೊಳ್ಳುತ್ತಿಲ್ಲ.

ಕ್ಯಾಪ್ ಒತ್ತಡ ಹಿಡಿಯದಿದ್ದರೆ ಏನಾಗುತ್ತದೆ ಗೊತ್ತಾ? 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಸತ್ತ ಕ್ಯಾಪ್ ಹಾಕಿಕೊಂಡು ಸಾವಿರ ಮೀಟರ್ ಎತ್ತರಕ್ಕೆ ಹೋದರೆ 97ರ ಆಸುಪಾಸಿನಲ್ಲೇ ಕುದಿಯುತ್ತದೆ. ನೀರು ಕಮ್ಮಿ ಆಗುವುದಕ್ಕೂ ಇದೇ ಸಾಕು, ಹಬೆಯಾಗಿ ಹೋಗಿರುತ್ತದೆ, ನೆಲದ ಮೇಲೆ ಗುರುತು ಎಲ್ಲಿಂದ ಸಿಗಬೇಕು? ಎಲ್ಲದಕ್ಕೂ ಗ್ಯಾಸ್ಕೆಟ್ ಅನ್ನುವವರು ಗಮನಿಸಿ.

ಗುಂಡ್ಯದ_ಸ್ಪ್ಯಾನರ್
"ಎಲ್ಲದಕ್ಕೂ ಗ್ಯಾಸ್ಕೆಟ್" ಅಂತ ನಾನು ಹೇಳಿಲ್ಲ, ಈ ಗಾಡಿಗೆ ಗ್ಯಾಸ್ಕೆಟ್ ಅಂತ ಹೇಳಿದೆ. ಬಾನೆಟ್ ಒಳಗಿನ ಗುಳುಗುಳು ಸದ್ದಿಗೆ ನಿಮ್ಮ ಕ್ಯಾಪ್ ಪುರಾಣದಲ್ಲಿ ಉತ್ತರ ಇದೆಯಾ?

ಮೂಡಿಗೆರೆ_ಮೋಟರ್
ಇದೆ. ನೀರು ಕುದಿಯುವ ಸದ್ದು ಅದು. ಮನೆಯಲ್ಲಿ ಚಹಾ ಇಡುವುದಿಲ್ಲವಾ?

ಕುಡ್ಲ_ಕ್ಲಚ್
ಇನ್ನೊಂದು ಉಪಾಯ. ಸೂಜಿ ಏರಿದ ಕೂಡಲೇ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಹೀಟರ್ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರ್ರೇ.

ಅಂಬಿ_ಸಾಹುಕಾರ
ಏಪ್ರಿಲ್ ತಿಂಗಳಲ್ಲಿ ಹೀಟರ್ ಹಾಕಿಕೊಂಡು ಚಾರ್ಮಾಡಿ. ಇಂಜಿನ್ ಉಳಿಯುತ್ತದೆ, ಹಿಂದಿನ ಸೀಟಿನ ಅಜ್ಜಿ ಉಳಿಯುವುದಿಲ್ಲ.

ಹಳೇ_ಎಂಟ್ನೂರು
ಎಲ್ಲರಿಗೂ ಥ್ಯಾಂಕ್ಸ್. ಬೇರೆ ಗ್ಯಾರೇಜಿಗೆ ಕೊಟ್ಟಿದ್ದೆ. ನೀಲಿ ದ್ರಾವಣದ ಟೆಸ್ಟ್ ಮಾಡಿದರು, ನೀಲಿ ನೀಲಿಯಾಗಿಯೇ ಇತ್ತು. ಕ್ಯಾಪ್ ವಾಷರ್ ಒಣಗಿದ ಚಕ್ಕೆ ಹಾಗೆ ಉದುರಿತು. ರೇಡಿಯೇಟರ್ ಹಿತ್ತಾಳೆಯದ್ದೇ ಆಗಿದ್ದರಿಂದ ಮೇಲಿನ ಟ್ಯಾಂಕ್‌ನ ಬೆಸುಗೆ ಬಿಚ್ಚಿ ನೋಡಿದರು. ಒಂದು ಬದಿಯ ಕೊಳವೆಗಳೆಲ್ಲ ಕಟ್ಟಿ ಹೋಗಿವೆ. ತುಕ್ಕಿನ ಕೆಸರು, ಅದರ ಮೇಲೆ ಬೋರ್ ನೀರಿನ ಬಿಳಿ ಪದರ. ಸರಿಗೆ ಹಾಕಿ ಚುಚ್ಚಿ ತೆಗೆಯುತ್ತಿದ್ದಾರೆ. ಥರ್ಮೋಸ್ಟಾಟ್ ಇರುವ ಜಾಗ ಖಾಲಿ. ನನಗಿಂತ ಮುಂಚಿನ ಓನರ್ ತೆಗೆಸಿರಬೇಕು. ಹೊಸದು ಹಾಕಿಸುವುದಾ ಬೇಡವಾ?

ಬಣಕಲ್_ಕಾಫಿ
ಹಾಕಿಸಿ. ಅದು ಇಲ್ಲದಿದ್ದರೆ ಊರೊಳಗೆ ಇಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರೂ ಬೇಗ ಸವೆಯುತ್ತದೆ. 82 ಡಿಗ್ರಿಗೆ ತೆರೆಯುವಂಥದ್ದು ಸಿಗುತ್ತದೆ. ಹಾಕಿಸುವ ಮೊದಲು ಬಿಸಿ ನೀರಲ್ಲಿ ಮುಳುಗಿಸಿ ತೆರೆಯುತ್ತದಾ ಅಂತ ಕಣ್ಣಾರೆ ನೋಡಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಅರ್ಧದಷ್ಟು ಕೂಲೆಂಟ್ ಬೆರೆಸಿ ತುಂಬಿಸಿ, ಗಾಳಿ ಪೂರ್ತಿ ಹೋಗುವವರೆಗೆ ಕ್ಯಾಪ್ ತೆರೆದು, ಗಾಡಿ ನಿಲ್ಲಿಸಿಕೊಂಡೇ ಇಂಜಿನ್ ಓಡಿಸಲಿ.

ಅಂಬಿ_ಸಾಹುಕಾರ
ನೋಡಿದಿರಾ? ಥರ್ಮೋಸ್ಟಾಟ್ ಇಲ್ಲದೆಯೇ ಇಷ್ಟು ವರ್ಷ ಓಡಿದೆ! ತಪ್ಪು ಬೋರ್ ನೀರಿನದ್ದು. ನಾನು ನೀರು ಅಂದೆನೇ ಹೊರತು ಬೋರ್ ನೀರು ಅಂದಿಲ್ಲ. ನಮ್ಮ ಕಾಲದಲ್ಲಿ ಬಾವಿ ನೀರು ಹಾಕುತ್ತಿದ್ದೆವು.

ಗುಂಡ್ಯದ_ಸ್ಪ್ಯಾನರ್
ಟೆಸ್ಟ್ ತಣ್ಣಗಿದ್ದಾಗ ಮಾಡಿದ್ದಾ, ಬಿಸಿಯಾದ ಮೇಲಾ? ಸಣ್ಣ ಬಿರುಕು ತಣ್ಣಗಿದ್ದಾಗ ತೋರುವುದಿಲ್ಲ. ಘಾಟಿ ಹತ್ತಿ ಬಂದು ಬರೆಯಿರಿ, ಆಮೇಲೆ ಮಾತಾಡೋಣ.

ಮೂಡಿಗೆರೆ_ಮೋಟರ್
ರೇಡಿಯೇಟರ್ ಮತ್ತು ಕ್ಯಾಪ್. ಇನ್ನೇನೂ ಹೇಳುವುದಿಲ್ಲ.

ಕುಡ್ಲ_ಕ್ಲಚ್
ಎಲ್ಲ ಸರಿಯಾಯಿತಲ್ಲ, ಇನ್ನು ಇಂಜಿನ್ ತಣ್ಣಗಿರುತ್ತದೆ. ಹಾಗಾದರೆ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಈಗೇನು ತೊಂದರೆ?

ಬಣಕಲ್_ಕಾಫಿ
ಮೇಲಿಂದ ಓದಿಕೊಂಡು ಬನ್ನಿ.