ಬ್ಯಾಂಕ್ ಹಾಲಿಡೇ ಸೋಮವಾರ ಆಕ್ಸ್‌ಫರ್ಡ್: ಅತ್ತೆ-ಮಾವ, ಇಬ್ಬರು ಮಕ್ಕಳ ಜೊತೆ ಒಂದೇ ದಿನದಲ್ಲಿ ಏನೇನು ಸಾಧ್ಯ?

ಹ್ಯಾರೋ ನಿವಾಸಿ:
ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಯ ಸೋಮವಾರ (ಇಲ್ಲಿ ಸಾರ್ವಜನಿಕ ರಜೆ) ಲಂಡನ್ನಿನ ಹ್ಯಾರೋದಿಂದ ಆಕ್ಸ್‌ಫರ್ಡ್‌ಗೆ ಹೋಗಿ ಸಂಜೆ ವಾಪಸ್ ಬರಬೇಕು. ನಾವಿಬ್ಬರು, ಮೈಸೂರಿನಿಂದ ಬಂದಿರುವ ಅತ್ತೆ-ಮಾವ, 6 ಮತ್ತು 11 ವರ್ಷದ ಮಕ್ಕಳು. ಆರು ಜನ, ಕಾರಿನಲ್ಲಿ ಐದೇ ಸೀಟು. ಅತ್ತೆಗೆ ಮಂಡಿನೋವು, ಮೆಟ್ಟಿಲು ಆಗದು. ಸಮತಟ್ಟು ದಾರಿಯಾದರೆ ಅಲ್ಲಲ್ಲಿ ಕೂತು ಎರಡು-ಮೂರು ಕಿಲೋಮೀಟರ್ ನಡೆಯುತ್ತಾರೆ. ಊಟ ಸಸ್ಯಾಹಾರ. ಪಟ್ಟಿಯಲ್ಲಿರುವುದು: ಕ್ರೈಸ್ಟ್ ಚರ್ಚ್, ಬಾಡ್ಲಿಯನ್ ಗ್ರಂಥಾಲಯ, ಒಂದು ಮ್ಯೂಸಿಯಂ, ಪಂಟ್ ದೋಣಿ, ಜೊತೆಗೆ ಮಾವನ ಆಸೆಯಂತೆ ಗಿರೀಶ ಕಾರ್ನಾಡರು ಓದಿದ ಕಾಲೇಜು. ಇಷ್ಟೆಲ್ಲ ಆದೀತೇ?

ದಾರಿಹೋಕ:
ಆಗುವುದಿಲ್ಲ. ಪಟ್ಟಿಯಲ್ಲಿ ಎರಡನ್ನು (ಕ್ರೈಸ್ಟ್ ಚರ್ಚ್, ಬಾಡ್ಲಿಯನ್‌ನ ಒಳಭಾಗ) ಹೊಡೆದುಹಾಕಿದರೆ ಉಳಿದದ್ದು ನೆಮ್ಮದಿಯಾಗಿ ಆಗುತ್ತದೆ. ಊರು ಚಿಕ್ಕದೇ, ಆದರೆ ನೋಡುವ ಜಾಗಗಳು ಹರಡಿಕೊಂಡಿವೆ. ಆರು ಜನರ ತಂಡ ಅತ್ತಿಂದಿತ್ತ ಅಡ್ಡಾಡಿದರೆ ಅತ್ತೆಯವರ ಮೂರು ಕಿಲೋಮೀಟರ್ ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ. ಪೂರ್ವಭಾಗವನ್ನಷ್ಟೇ ಹಿಡಿಯಿರಿ.

ಹೋಗುವುದು ಹೀಗೆ: ಹ್ಯಾರೋ-ಆನ್-ದ-ಹಿಲ್‌ನಿಂದ ಮೆಟ್ರೊಪಾಲಿಟನ್ ಲೈನ್ (ಲಂಡನ್ ಟ್ಯೂಬ್ ರೈಲು) ಹಿಡಿದು ಹಿಲಿಂಗ್ಡನ್, ಅಲ್ಲಿಂದ 'ಆಕ್ಸ್‌ಫರ್ಡ್ ಟ್ಯೂಬ್' ಕೋಚ್ (ಹೆಸರಷ್ಟೇ ಟ್ಯೂಬ್, ಬಸ್ಸೇ ಅದು). ಎರಡೂ ಸ್ಟೇಷನ್‌ಗಳಲ್ಲಿ ಮೆಟ್ಟಿಲಿಲ್ಲದೆ ಪ್ಲಾಟ್‌ಫಾರ್ಮ್ ಸೇರಬಹುದು. ಸೆಂಟ್ರಲ್ ಲಂಡನ್‌ಗೆ ಹೋಗಿ ರೈಲು ಹತ್ತುವುದು ನಿಮಗೆ ಸುತ್ತುಬಳಸು.

ಕೋಚ್‌ನಿಂದ ಹೈ ಸ್ಟ್ರೀಟಿನ ಕ್ವೀನ್ಸ್ ಲೇನ್ ಸ್ಟಾಪಿನಲ್ಲಿ ಇಳಿಯಿರಿ, ಕೊನೆಯ ಸ್ಟಾಪಾದ ಗ್ಲಾಸ್ಟರ್ ಗ್ರೀನ್‌ವರೆಗೆ ಹೋಗಬೇಡಿ. ಅಲ್ಲಿಂದ ರ‍್ಯಾಡ್‌ಕ್ಲಿಫ್ ಚೌಕ ನಾಲ್ಕು ಹೆಜ್ಜೆ. ನಡುವೆ ಗುಮ್ಮಟದ ರ‍್ಯಾಡ್‌ಕ್ಲಿಫ್ ಕ್ಯಾಮೆರಾ (1749ರ ಗ್ರಂಥಾಲಯ ಕಟ್ಟಡ), ಒಂದು ಮಗ್ಗುಲಿಗೆ ಆಲ್ ಸೋಲ್ಸ್ ಕಾಲೇಜಿನ ಗೇಟು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಪಾಠ ಹೇಳಿದ ರಾಧಾಕೃಷ್ಣನ್ ಅವರು 1936ರಿಂದ 1952ರವರೆಗೆ ಈ ಊರಿನಲ್ಲಿ ಪೌರ್ವಾತ್ಯ ಧರ್ಮ ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪ್ರೊಫೆಸರ್ ಆಗಿದ್ದರು. ಆಲ್ ಸೋಲ್ಸ್ ಅವರ ಕಾಲೇಜು. ಮೈಸೂರಿನ ಮಾವನವರಿಗೆ ಅದನ್ನು ತೋರಿಸದೆ ಮುಂದೆ ಹೋಗಬೇಡಿ. ಚೌಕಕ್ಕೆ ಹಾಸಿರುವುದು ಉರುಟು ಕಲ್ಲು, ಮಂಡಿಗೂ ತಳ್ಳುಗಾಡಿಗೂ ಕಷ್ಟ. ಅತ್ತೆಯವರನ್ನು ಅಂಚಿನ ಚಪ್ಪಡಿಯ ಮೇಲೇ ನಡೆಸಿ.

ಅಲ್ಲಿಂದ ಕ್ಯಾಟ್ ಸ್ಟ್ರೀಟಿನಲ್ಲಿ ಉತ್ತರಕ್ಕೆ ಹೋದರೆ ಬಲಕ್ಕೆ ಹರ್ಟ್‌ಫರ್ಡ್ ಕಾಲೇಜಿನ ಸೇತುವೆ. ಬ್ರಾಡ್ ಸ್ಟ್ರೀಟ್ ಮೂಲೆಯಲ್ಲಿರುವುದು ಹಳೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಕಟ್ಟಡ. ಅದರ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವುದು ಕೋಳಿಯಲ್ಲ, ಆನೆ. ಹುಡುಕುವ ಕೆಲಸವನ್ನು ಆರು ವರ್ಷದವರಿಗೆ ಒಪ್ಪಿಸಿ, ಹತ್ತು ನಿಮಿಷ ಸದ್ದಿರುವುದಿಲ್ಲ. ಮುಂದೆ ಪಾರ್ಕ್ಸ್ ರೋಡಿನಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ: 10ಕ್ಕೆ ತೆರೆಯುತ್ತದೆ, ಟಿಕೆಟ್ ಇಲ್ಲ. ವಿಜ್ಞಾನದಲ್ಲಿ ಮೊದಲು ಹೆಸರು ಪಡೆದ ಡೈನೋಸಾರ್ ಮೆಗಲೋಸಾರಸ್. 1824ರಲ್ಲಿ ಭೂವಿಜ್ಞಾನಿ ಬಕ್‌ಲ್ಯಾಂಡ್ ಅದನ್ನು ವಿವರಿಸಿದ್ದು ಯಾವ ದವಡೆಯನ್ನು ಇಟ್ಟುಕೊಂಡೋ ಆ ದವಡೆ ಇಲ್ಲಿದೆ. ಡೋಡೋ ಹಕ್ಕಿಯ ತಲೆ, ಕಾಲಿನ ಅವಶೇಷಗಳೂ ಈ ಮ್ಯೂಸಿಯಂನವೇ.

ಇದರ ಹಿಂಬದಿಗೆ ಅಂಟಿಕೊಂಡಿರುವ ಪಿಟ್ ರಿವರ್ಸ್ ಮ್ಯೂಸಿಯಂ (ನಾನಾ ದೇಶಗಳ ಜನರ ವಸ್ತುಗಳ ಸಂಗ್ರಹ) ಸಾಮಾನ್ಯ ಸೋಮವಾರಗಳಲ್ಲಿ ಮಧ್ಯಾಹ್ನ 12ಕ್ಕಷ್ಟೇ ಬಾಗಿಲು ತೆರೆಯುವುದು; ಬ್ಯಾಂಕ್ ಹಾಲಿಡೇ ಸೋಮವಾರದ ಸಮಯ ಬೇರೆ ಇರಬಹುದು, ಮೊದಲೇ ನೋಡಿಕೊಳ್ಳಿ. ಬಹಳ ಜನ ಎಡವುವುದು ಇಲ್ಲೇ: ಹತ್ತೂವರೆಗೆ ಡೈನೋಸಾರ್ ನೋಡಿ ಮುಗಿಸಿ, ಬಾಗಿಲು ಮುಚ್ಚಿದ್ದು ಕಂಡು ಹೊರಟುಬಿಡುತ್ತಾರೆ. ಹನ್ನೊಂದಕ್ಕೆ ಹೋದರೆ ಎರಡೂ ಕೂಡಿಬರುತ್ತವೆ. ಕುಗ್ಗಿಸಿದ ಮನುಷ್ಯರ ತಲೆಗಳಿವೆ ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ, 2020ರಲ್ಲಿ ಅವನ್ನು ಪ್ರದರ್ಶನದಿಂದ ತೆಗೆದರು.

ಊಟಕ್ಕೆ ಹೋಟೆಲ್ ಹುಡುಕಬೇಡಿ. ಚಿತ್ರಾನ್ನ, ಮೊಸರನ್ನ ಡಬ್ಬಿಯಲ್ಲಿರಲಿ. ಮ್ಯೂಸಿಯಂ ಪಕ್ಕದಲ್ಲೇ ಯೂನಿವರ್ಸಿಟಿ ಪಾರ್ಕ್ಸ್, ಮರದ ನೆರಳೂ ಇದೆ, ಬೆಂಚೂ ಇದೆ. ಕೈ ತೊಳೆಯುವುದು, ಶೌಚಾಲಯ ಎಲ್ಲ ಮ್ಯೂಸಿಯಂನಲ್ಲೇ ಮುಗಿಸಿಕೊಂಡು ಹೊರಬನ್ನಿ.

ಮೂರರ ಹೊತ್ತಿಗೆ ಕಾರ್ನಾಡರ ಕಾಲೇಜು. ಬರೆಯುವುದು ಮ್ಯಾಗ್ಡಲೆನ್, ಉಚ್ಚಾರ 'ಮಾಡ್ಲಿನ್'. ದಾರಿ ಕೇಳುವಾಗ ಹೀಗೇ ಕೇಳಿ. ರೋಡ್ಸ್ ಸ್ಕಾಲರ್ ಆಗಿ (ಆಕ್ಸ್‌ಫರ್ಡ್‌ನಲ್ಲಿ ಓದಲು ಕೊಡುವ ವಿದ್ಯಾರ್ಥಿವೇತನ ಪಡೆದು) 1960ರಿಂದ 63ರವರೆಗೆ ಅವರು ಓದಿದ್ದು ಇಲ್ಲಿ. ಆಕ್ಸ್‌ಫರ್ಡ್ ಯೂನಿಯನ್ ಚರ್ಚಾಕೂಟದ ಅಧ್ಯಕ್ಷರೂ ಆಗಿದ್ದರು. ಮ್ಯೂಸಿಯಂನಿಂದ ಒಂದು ಕಿಲೋಮೀಟರ್ ಮೇಲಾಗುತ್ತದೆ, ಹಿರಿಯರಿಬ್ಬರನ್ನು ಟ್ಯಾಕ್ಸಿಯಲ್ಲಿ ಕಳಿಸುವುದು ಲೇಸು. ಒಳಗೆ ಟಿಕೆಟ್ ಇದೆ. ಬೇಸಿಗೆಯ ಕೊನೆಯಲ್ಲಿ ಕಾಲೇಜಿನ ಜಿಂಕೆಗಳು ಸಾಮಾನ್ಯವಾಗಿ ನದಿಪಕ್ಕದ ಹುಲ್ಲುಗಾವಲಿನಲ್ಲಿರುತ್ತವೆ. ಅದನ್ನು ಸುತ್ತುವ ಆಡಿಸನ್ಸ್ ವಾಕ್ ಸುಮಾರು ಒಂದು ಮೈಲಿ, ಸಮತಟ್ಟು. ಅತ್ತೆಯವರು ಪೂರ್ತಿ ಸುತ್ತುವುದು ಬೇಡ, ಕಾಲೇಜಿನೊಳಗಿನ ಸೇತುವೆ ದಾಟಿ ಅರ್ಧ ಫರ್ಲಾಂಗ್ ನಡೆದರೆ ಜಿಂಕೆ ಕಂಡಾವು.

ಬಾಡ್ಲಿಯನ್ ಹೊರಗಿನಿಂದಲೇ ಸಾಕು. ಹಳೆಯ ಪುಸ್ತಕದ ಕೋಣೆಗಳನ್ನು ತೋರಿಸುವ ಗೈಡ್ ಪ್ರವಾಸಕ್ಕೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ.

ಚೆರ್ವೆಲ್ ದಂಡೆ:
ದೋಣಿಯ ಬಗ್ಗೆ ಯಾರೂ ಹೇಳಲಿಲ್ಲ. ಮಾಡ್ಲಿನ್ ಸೇತುವೆಯ ಕೆಳಗೇ ಬಾಡಿಗೆಗೆ ಸಿಗುತ್ತವೆ. ಪಂಟ್ ಎಂದರೆ ಚಪ್ಪಟೆ ತಳದ ದೋಣಿ, ಕೂರುವುದು ನೆಲಮಟ್ಟದ ಮೆತ್ತೆಯ ಮೇಲೆ. ಮಂಡಿನೋವಿನವರು ಇಳಿದಾರು, ಏಳುವುದು ಕಷ್ಟ. ಅತ್ತೆಯವರು ದಂಡೆಯಲ್ಲಿರಲಿ. ಬಾಡಿಗೆ ಗಂಟೆಯ ಲೆಕ್ಕ, ಮುಂಗಡ ಕೇಳುತ್ತಾರೆ.

ನಡೆಸುವುದು: ಗಳು (ದೋಣಿ ದಬ್ಬುವ ಉದ್ದ ಕೋಲು) ಸುಮಾರು 16 ಅಡಿ. ಆಕ್ಸ್‌ಫರ್ಡ್‌ನಲ್ಲಿ ನಡೆಸುವವರು ನಿಲ್ಲುವುದು ದೋಣಿಯ ಒಳಗೆ, ಇಳಿಜಾರು ತುದಿಯಲ್ಲಿ. ಹಲಗೆ ಹೊದೆಸಿದ ತುದಿಯ ಮೇಲೆ ನಿಲ್ಲುವುದು ಕೇಂಬ್ರಿಜ್ ಪದ್ಧತಿ. ಗಳುವನ್ನು ದೋಣಿಗೆ ಒತ್ತಿಕೊಂಡಂತೆ ನೆಟ್ಟಗೆ ಎತ್ತಿ, ಕೈ ಸಡಿಲಿಸಿ ತಳ ಮುಟ್ಟುವವರೆಗೆ ಜಾರಲು ಬಿಡಿ. ಮುಟ್ಟಿದ ಮೇಲೆ ಕೈ ಮೇಲೆ ಕೈ ಇಟ್ಟು ಹಿಂದಕ್ಕೆ ದಬ್ಬಿ. ದಬ್ಬಿ ಮುಗಿದಾಗ ಗಳುವನ್ನು ಒಮ್ಮೆ ತಿರುಚಿ, ಕೆಸರು ಬಿಡುತ್ತದೆ. ಆಮೇಲೆ ಅದು ನೀರಿನಲ್ಲಿ ಹಿಂದೆ ತೇಲಲಿ, ಚುಕ್ಕಾಣಿ ಅದೇ. ಬಾಲವನ್ನು ಎಡಕ್ಕೆ ಸರಿಸಿದರೆ ದೋಣಿ ಎಡಕ್ಕೆ. ಜನ ನೀರಿಗೆ ಬೀಳುವುದು ಒಂದೇ ಕಾರಣಕ್ಕೆ: ಗಳು ಕೆಸರಿನಲ್ಲಿ ಕಚ್ಚಿಕೊಂಡರೂ ಬಿಡದೆ ಹಿಡಿದಿರುತ್ತಾರೆ, ದೋಣಿ ಮುಂದೆ ಹೋಗಿರುತ್ತದೆ. ಬಿಟ್ಟುಬಿಡಿ. ಒಳಗಿರುವ ಹುಟ್ಟಿನಿಂದ ಹಿಂದಕ್ಕೆ ಬಂದು ಕಿತ್ತುಕೊಂಡರಾಯಿತು. ಸೇತುವೆಯ ಕೆಳಗೆ ಗಳು ಎತ್ತಬೇಡಿ. ಮಕ್ಕಳಿಗೆ ಲೈಫ್ ಜಾಕೆಟ್ ಕೇಳಿ ಪಡೆಯಿರಿ.

ಗೋಪುರ:
ಕ್ರೈಸ್ಟ್ ಚರ್ಚ್ ಪೂರಾ ಬಿಡಿ ಎನ್ನುವುದನ್ನು ಒಪ್ಪಲಾರೆ. ಹನ್ನೊಂದು ವರ್ಷದವರು ಮಂತ್ರವಿದ್ಯೆಯ ಶಾಲೆಯ ಹ್ಯಾರಿ ಪಾಟರ್ ಸಿನಿಮಾ ನೋಡಿದ್ದರೆ ಕೇಳೇ ಕೇಳುತ್ತಾರೆ. ಆದರೆ ತಿಳಿದಿರಲಿ: ಊಟದ ಹಾಲ್‌ನ ದೃಶ್ಯ ಅಲ್ಲಿ ತೆಗೆದದ್ದಲ್ಲ, ಈ ಹಾಲ್ ಮಾದರಿಯಲ್ಲಿ ಸ್ಟುಡಿಯೋದಲ್ಲಿ ಸೆಟ್ ಹಾಕಿದ್ದು. ನಿಜವಾಗಿ ಬಳಸಿದ್ದು ಹಾಲ್‌ಗೆ ಹತ್ತುವ ಕಲ್ಲಿನ ಮೆಟ್ಟಿಲನ್ನು. ಹೋಗುವುದಾದರೆ ಸಮಯ ಹಾಕಿದ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಿರಿ, ಮತ್ತು ಅದಕ್ಕಾಗಿ ದೋಣಿಯನ್ನು ಬಿಡಿ.

ಹ್ಯಾರೋ ನಿವಾಸಿ:
ತುಂಬಾ ಉಪಕಾರವಾಯಿತು. ಕ್ರೈಸ್ಟ್ ಚರ್ಚ್ ಬಿಟ್ಟೆವು, ದೋಣಿ ಉಳಿಯಿತು. ಭಾವಮೈದುನನೂ ತನ್ನ ಕಾರು ತರುತ್ತೇನೆ ಎನ್ನುತ್ತಿದ್ದಾನೆ. ಎರಡು ಕಾರಿನಲ್ಲಿ ಹೋದರೆ?

ದಾರಿಹೋಕ:
ಊರೊಳಗೆ ಬೇಡ. ಹೈ ಸ್ಟ್ರೀಟಿನಲ್ಲಿ ಬೆಳಿಗ್ಗೆ 7.30ರಿಂದ ಸಂಜೆ 6.30ರವರೆಗೆ ಬಸ್ ಗೇಟ್. ಖಾಸಗಿ ಕಾರು ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ಮನೆಗೆ ಬರುತ್ತದೆ. ಎಂ40 ಮುಗಿದು ಎ40ರಲ್ಲಿ ಬರುವಾಗ ಸಿಗುವ ಥಾರ್ನ್‌ಹಿಲ್ ಪಾರ್ಕ್ ಅಂಡ್ ರೈಡ್‌ನಲ್ಲಿ ಕಾರು ಬಿಟ್ಟು ಹೈ ಸ್ಟ್ರೀಟ್ ಬಸ್ ಹತ್ತಿ. ಕೋಚ್‌ನಲ್ಲೇ ಹೋಗುವುದಾದರೆ ವಾಪಸ್ ಬರುವಾಗ ಮಾತ್ರ ಗ್ಲಾಸ್ಟರ್ ಗ್ರೀನ್‌ನಲ್ಲೇ ಹತ್ತಿ. ಬಸ್ ಹೊರಡುವುದು ಅಲ್ಲಿಂದ. ರಜೆಯ ಸಂಜೆ ಹೈ ಸ್ಟ್ರೀಟಿಗೆ ಬರುವಷ್ಟರಲ್ಲಿ ಆರು ಸೀಟು ಒಟ್ಟಿಗೆ ಸಿಗುವುದು ಅನುಮಾನ.